ತಕ್ಕಡಿ ಹೇಳುವುದು ಗ್ರಾಂ, ಬೇಕಾದ್ದು ಲೀಟರ್: ಪೆಟ್ರೋಲ್ ಹರಿವು ಅಳೆಯುವ ಸೆಟಪ್ ಕಟ್ಟಿದ ಲಾಗ್

ನನ್ನ ಸಣ್ಣ ಜನರೇಟರ್ ಗಂಟೆಗೆ ನಿಜವಾಗಿ ಎಷ್ಟು ಪೆಟ್ರೋಲ್ ಕುಡಿಯುತ್ತದೆ ಅಂತ ತಿಳಿಯಬೇಕಿತ್ತು. ಅಂದಾಜು ಲೆಕ್ಕ ಅಲ್ಲ, ಶೇಕಡಾ ಅರ್ಧದೊಳಗೆ ನಂಬಬಹುದಾದ ಲೆಕ್ಕ. ಕಾರ್ಬ್ಯುರೇಟರ್ ಜೆಟ್ ಬದಲಾಯಿಸಿದರೆ, ಏರ್ ಫಿಲ್ಟರ್ ತೊಳೆದರೆ, ಬೇರೆ ಪೆಟ್ರೋಲ್ ಹಾಕಿದರೆ ಆಗುವ ವ್ಯತ್ಯಾಸವೇ ಬಹಳ ಸಲ ಶೇಕಡಾ ಎರಡೋ ಮೂರೋ ಇರುತ್ತದೆ. ಅಳತೆಯೇ ಅಷ್ಟು ತಪ್ಪಿದರೆ ಯಾವ ಬದಲಾವಣೆ ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ಹೇಳುವುದು ಹೇಗೆ?

ಮೊದಲು ಮನಸ್ಸಿಗೆ ಬಂದದ್ದು ಪೈಪ್ ಮಧ್ಯೆ ಕೂರಿಸುವ ಟರ್ಬೈನ್ ಫ್ಲೋ ಸೆನ್ಸರ್. ಅದನ್ನು ಬೇಗ ಕೈಬಿಟ್ಟೆ. ಹವ್ಯಾಸಿಗಳ ಕೈಗೆ ಸಿಗುವ ಸಣ್ಣ ಟರ್ಬೈನ್‌ಗಳು ನೀರಿಗಾಗಿ ಮಾಡಿದವು. ಅವುಗಳ ಅಳತೆ ಶುರುವಾಗುವುದೇ ನಿಮಿಷಕ್ಕೆ ನೂರಾರು ಎಂಎಲ್‌ನಿಂದ. ನನ್ನ ಇಂಜಿನ್ ಎಳೆಯುವುದು ನಿಮಿಷಕ್ಕೆ ಇಪ್ಪತ್ತು ಎಂಎಲ್ ಆಸುಪಾಸು. ಅಷ್ಟು ಸಣ್ಣ ಹರಿವಿಗೆ ಚಕ್ರ ತಿರುಗುವುದೇ ಇಲ್ಲ. ಜೊತೆಗೆ ಅದರ ಪ್ಲಾಸ್ಟಿಕ್, ರಬ್ಬರ್ ರಿಂಗ್ ಎರಡೂ ಪೆಟ್ರೋಲ್‌ಗೆ ಹೇಳಿ ಮಾಡಿಸಿದವಲ್ಲ.

ಹಾಗಾಗಿ ತೂಕದ ದಾರಿ ಹಿಡಿದೆ. ಪೆಟ್ರೋಲ್ ಡಬ್ಬಿಯನ್ನೇ ಲೋಡ್ ಸೆಲ್‌ಗೆ (ತೂಕವನ್ನು ವಿದ್ಯುತ್ ಸಿಗ್ನಲ್ ಆಗಿ ಬದಲಾಯಿಸುವ ಸೆನ್ಸರ್) ನೇತುಹಾಕುವುದು, ಡಬ್ಬಿ ಹಗುರವಾಗುತ್ತಾ ಹೋಗುವ ವೇಗವೇ ಹರಿವು. 5 ಕೆಜಿಯ ಲೋಡ್ ಸೆಲ್, ಅದರ ಸಿಗ್ನಲ್ ಓದಲು ಎಚ್‌ಎಕ್ಸ್ 711 ಬೋರ್ಡ್, ಒಂದು ಮೈಕ್ರೋಕಂಟ್ರೋಲರ್, 2 ಲೀಟರ್‌ನ ತಗಡಿನ ಡಬ್ಬಿ. ಡಬ್ಬಿಯ ತಳಕ್ಕೆ ನಲ್ಲಿ ಬೆಸುಗೆ ಹಾಕಿಸಿದೆ. ಇದು ಗ್ರಾವಿಟಿ ಫೀಡ್ ಇಂಜಿನ್, ಪೆಟ್ರೋಲ್ ತಾನಾಗೇ ಕೆಳಗಿಳಿದು ಬರುತ್ತದೆ; ಪಂಪ್ ಇಲ್ಲ, ಮಿಕ್ಕ ಪೆಟ್ರೋಲನ್ನು ವಾಪಸ್ ಒಯ್ಯುವ ರಿಟರ್ನ್ ಪೈಪ್ ಇಲ್ಲ, ಅದೊಂದು ಅನುಕೂಲ. ಫ್ಯುಯಲ್ ಇಂಜೆಕ್ಷನ್ ಇದ್ದು ರಿಟರ್ನ್ ಲೈನ್ ಇರುವವರು ಆ ರಿಟರ್ನನ್ನೂ ಇದೇ ಡಬ್ಬಿಗೆ ತರಬೇಕು, ಆಗ ತಕ್ಕಡಿ ನಿವ್ವಳ ಖರ್ಚನ್ನು ಮಾತ್ರ ನೋಡುತ್ತದೆ.

ಸುರಕ್ಷತೆ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ರಾಜಿ ಬೇಡ. ಪೆಟ್ರೋಲ್‌ನ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದೆ. ಅಂದರೆ ಎಷ್ಟೇ ಚಳಿ ಇರಲಿ, ಹೊತ್ತಿಕೊಳ್ಳುವಷ್ಟು ಆವಿ ಅದರ ಮೇಲೆ ಇದ್ದೇ ಇರುತ್ತದೆ. ಆ ಆವಿ ಗಾಳಿಗಿಂತ ಭಾರ, ಕೆಳಗೆ ಇಳಿದು ತಗ್ಗಿನಲ್ಲಿ ಕೂರುತ್ತದೆ. ಅದಕ್ಕೆ ಎಲೆಕ್ಟ್ರಾನಿಕ್ಸ್ ಎಲ್ಲವನ್ನೂ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಡಬ್ಬಿಗಿಂತ ಮೇಲೆ, ಒಂದೂವರೆ ಮೀಟರ್ ದೂರ ಇಟ್ಟೆ. ಪೆಟ್ರೋಲ್ ಸುರಿಯುವಾಗ ಎರಡೂ ಲೋಹದ ಡಬ್ಬಿಗಳನ್ನು ತಂತಿಯಿಂದ ಜೋಡಿಸುತ್ತೇನೆ, ಸ್ಟ್ಯಾಟಿಕ್ ಕಿಡಿ ಹಾರದಿರಲಿ ಅಂತ. ಇಂಜಿನ್ ಬಿಸಿ ಇದ್ದಾಗ ತುಂಬಿಸುವುದಿಲ್ಲ. ಇಡೀ ಕೆಲಸ ಬಯಲಲ್ಲಿ, ಏಕೆಂದರೆ ಎಕ್ಸಾಸ್ಟ್‌ನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲೇ ಇತ್ತು.

200 ಗ್ರಾಂ, 500 ಗ್ರಾಂ, 1 ಕೆಜಿ ಬಟ್ಟುಗಳನ್ನಿಟ್ಟು ಲೋಡ್ ಸೆಲ್ ಕ್ಯಾಲಿಬ್ರೇಟ್ ಮಾಡಿದೆ. ಎಲ್ಲವೂ ಅರ್ಧ ಗ್ರಾಂ ಒಳಗೆ ಸರಿ ಬಂತು. ನಂತರ ಪೈಪ್ ಸಿಕ್ಕಿಸಿದೆ, ಅಲ್ಲಿಂದ ತೊಂದರೆ ಶುರು.

ನಲ್ಲಿ ಮುಚ್ಚಿ, ಇಂಜಿನ್ ಆಫ್ ಇಟ್ಟು, ಸುಮ್ನೆ 30 ನಿಮಿಷ ಲಾಗ್ ಮಾಡಿದೆ. ಗೆರೆ ನೇರವಾಗಿ ಬರಬೇಕು, ಏನೂ ಹರಿಯುತ್ತಿಲ್ಲವಲ್ಲ. ಆದರೆ 6 ಗ್ರಾಂ ಇಳಿದಿತ್ತು! ಸೋರಿಕೆ ಇರಬಹುದೆಂದು ಎಲ್ಲಾ ಜಾಯಿಂಟ್ ಒರೆಸಿ ನೋಡಿದೆ, ಒಂದು ಹನಿಯೂ ಇಲ್ಲ. ಕೊನೆಗೆ ಗೊತ್ತಾಯಿತು, ತಪ್ಪು ಎರಡು ಕಡೆ ಇತ್ತು. ದಪ್ಪ ರಬ್ಬರ್ ಪೈಪ್ ಒಂದು ಸ್ಪ್ರಿಂಗ್ ಥರ ಡಬ್ಬಿಯನ್ನು ಎಳೆಯುತ್ತಿತ್ತು, ಬಿಸಿಲಿಗೆ ಮೆತ್ತಗಾದ ಹಾಗೆ ಎಳೆತ ಬದಲಾಗುತ್ತಿತ್ತು. ಲೋಡ್ ಸೆಲ್ ಮೇಲೂ ನೇರ ಬಿಸಿಲು ಬೀಳುತ್ತಿತ್ತು. ತೆಳುವಾದ, ಪೆಟ್ರೋಲ್ ತಡೆಯುವ ಮೆತ್ತನೆ ಪೈಪ್ ಹಾಕಿ, ಅದಕ್ಕೆ ಸಡಿಲವಾದ ಯು ಆಕಾರದ ತಿರುವು ಕೊಟ್ಟು, ಇನ್ನೊಂದು ತುದಿಯನ್ನು ಇಂಜಿನ್‌ಗೆ ಹೋಗುವ ಮೊದಲೇ ಸ್ಥಿರವಾದ ಕಂಬಕ್ಕೆ ಬಿಗಿದೆ. ಹೀಗೆ ಇಂಜಿನ್ನಿನ ನಡುಕವೂ ತಕ್ಕಡಿಗೆ ತಲುಪುವುದು ನಿಂತಿತು. ನೆರಳಿಗೆ ರಟ್ಟು ಕಟ್ಟಿದೆ. ಮತ್ತೆ 30 ನಿಮಿಷ ನೋಡಿದರೆ ವ್ಯತ್ಯಾಸ 0.4 ಗ್ರಾಂ. ಇದಕ್ಕಿಂತ ಚೆನ್ನಾಗಿ ಬೇಕಿರಲಿಲ್ಲ.

ಪಂಪ್ ಬಳಸುವವರಿಗೆ ಇಲ್ಲಿ ಒಂದು ಮಾತು. ಮೇಲಿನಿಂದ ಡಬ್ಬಿಯೊಳಗೆ ಸಕ್ಷನ್ ಪೈಪ್ ಮುಳುಗಿಸಿ ಅದನ್ನು ಹೊರಗಿನ ಕಂಬಕ್ಕೆ ಬಿಗಿದರೆ ತಕ್ಕಡಿ ಖರ್ಚನ್ನು ಸ್ವಲ್ಪ ಜಾಸ್ತಿ ತೋರಿಸುತ್ತದೆ. ಮುಳುಗಿದ ಪೈಪನ್ನು ಪೆಟ್ರೋಲ್ ಮೇಲಕ್ಕೆ ತಳ್ಳುತ್ತದೆ (ತೇಲುಬಲ), ಅಷ್ಟೇ ಬಲ ಡಬ್ಬಿಯನ್ನು ಕೆಳಕ್ಕೆ ಒತ್ತುತ್ತದೆ, ಮಟ್ಟ ಇಳಿದಂತೆ ಅದೂ ಇಳಿಯುತ್ತದೆ, ಆ ಇಳಿಕೆಯೂ ಖರ್ಚಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಡಬ್ಬಿಯ ಅಡ್ಡಕೊಯ್ತ 100 ಚದರ ಸೆಂಟಿಮೀಟರ್, ಪೈಪ್ 8 ಮಿಲಿಮೀಟರ್ ದಪ್ಪ ಇದ್ದರೆ ತಪ್ಪು ಶೇಕಡಾ ಅರ್ಧ. ನಲ್ಲಿ ತಳದಲ್ಲಿದ್ದರೆ ಈ ಗೋಜಿಲ್ಲ.

ಈಗ ಹರಿವು. ಜನರೇಟರ್‌ಗೆ 1500 ವ್ಯಾಟ್‌ನ ಹೀಟರ್ ಲೋಡ್ ಕೊಟ್ಟೆ, 15 ನಿಮಿಷ ಬಿಸಿಯಾಗಲು ಬಿಟ್ಟೆ, ಆಮೇಲೆ ಲಾಗ್ ಶುರು. ಪ್ರತಿ ಸೆಕೆಂಡ್ ಎಷ್ಟು ಇಳಿಯಿತು ಅಂತ ಕಳೆಯುತ್ತಾ ಹೋದರೆ ಬರೀ ಗದ್ದಲ. ಸೆಕೆಂಡಿಗೆ ಇಳಿಯುವುದು 0.23 ಗ್ರಾಂ, ಓದಿನಲ್ಲಿರುವ ಅಲುಗಾಟವೇ ಅರ್ಧ ಗ್ರಾಂ. ಅದಕ್ಕೆ 10 ನಿಮಿಷದ ಎಲ್ಲಾ ಓದುಗಳ ಮೇಲೆ ಒಂದು ನೇರ ಗೆರೆ ಕೂರಿಸಿ ಅದರ ಇಳಿಜಾರನ್ನು ತೆಗೆದುಕೊಂಡೆ. ಮೂರು ಸಲ ಮಾಡಿದೆ. ಮೂರೂ ಸಲ ಉತ್ತರ ನಿಮಿಷಕ್ಕೆ 13.85 ಗ್ರಾಂ ಹತ್ತಿರ. ಗಂಟೆಗೆ 831 ಗ್ರಾಂ.

ಲೀಟರ್‌ಗೆ ತರುವುದು ಇನ್ನೇನು ಒಂದು ಭಾಗಾಕಾರ, ಅಲ್ವಾ. ತೂಕದ ಹರಿವನ್ನು ಸಾಂದ್ರತೆಯಿಂದ ಭಾಗಿಸಿದರೆ ಗಾತ್ರದ ಹರಿವು. ಯೂನಿಟ್‌ಗಳೂ ಸುಲಭ: ಒಂದು ಸಿಸಿಗೆ ಇಷ್ಟು ಗ್ರಾಂ ಅನ್ನುವ ಸಂಖ್ಯೆಯೂ ಒಂದು ಲೀಟರ್‌ಗೆ ಇಷ್ಟು ಕೆಜಿ ಅನ್ನುವ ಸಂಖ್ಯೆಯೂ ಒಂದೇ. ಗಂಟೆಗೆ ಕೆಜಿಯನ್ನು ಲೀಟರ್‌ಗೆ ಕೆಜಿಯಿಂದ ಭಾಗಿಸಿದರೆ ಕೆಜಿ ಹೋಗಿ ಗಂಟೆಗೆ ಲೀಟರ್ ಉಳಿಯುತ್ತದೆ. ಭಾಗಿಸಬೇಕೋ ಗುಣಿಸಬೇಕೋ ಅಂತ ಗೊಂದಲವಾದರೆ ಒಂದೇ ಪರೀಕ್ಷೆ ಸಾಕು: ಪೆಟ್ರೋಲ್ ನೀರಿಗಿಂತ ಹಗುರ, ಒಂದು ಕೆಜಿ ಪೆಟ್ರೋಲ್ ಒಂದು ಲೀಟರ್‌ಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಲೀಟರ್ ಸಂಖ್ಯೆ ಕೆಜಿ ಸಂಖ್ಯೆಗಿಂತ ದೊಡ್ಡದು ಬರಲೇಬೇಕು.

ಸಾಂದ್ರತೆ ಎಷ್ಟು ಹಾಕುವುದು? ನಾನು ಎಲ್ಲರೂ ಹೇಳುವ 0.75 ಹಾಕಿದೆ. 831 ಗ್ರಾಂ ಅಂದರೆ 1.108 ಲೀಟರ್ ಬಂತು.

ಇದನ್ನು ಬೇರೆ ರೀತಿಯಲ್ಲಿ ಪರೀಕ್ಷಿಸದೆ ನಂಬಲು ಮನಸ್ಸಾಗಲಿಲ್ಲ. ಇಂಜಿನ್ ಲ್ಯಾಬ್‌ಗಳಲ್ಲಿ ಮೊದಲಿನಿಂದ ಬಳಸುವ ಬ್ಯುರೆಟ್ ಮತ್ತು ಸ್ಟಾಪ್‌ವಾಚ್ ವಿಧಾನ ಇದೆಯಲ್ಲ, ಅದನ್ನೇ ಪಕ್ಕದಲ್ಲಿ ಕಟ್ಟಿದೆ. ಗುರುತು ಇರುವ ಗಾಜಿನ ಕೊಳವೆ, ಮೂರು ದಾರಿಯ ನಲ್ಲಿ. ನಲ್ಲಿ ಒಂದು ಕಡೆ ತಿರುಗಿಸಿದರೆ ಇಂಜಿನ್‌ಗೆ ಡಬ್ಬಿಯಿಂದ ಪೆಟ್ರೋಲ್, ಇನ್ನೊಂದು ಕಡೆ ತಿರುಗಿಸಿದರೆ ಗಾಜಿನ ಕೊಳವೆಯಿಂದ. ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ 100 ಎಂಎಲ್ ಇಳಿಯಲು ಎಷ್ಟು ಸೆಕೆಂಡ್ ಅಂತ ನೋಡುವುದು. ಮೊದಲ ಸಲ ನಲ್ಲಿ ತಿರುಗಿಸಿದಾಗ ಒಂದು ಗಾಳಿಗುಳ್ಳೆ ಸಿಕ್ಕಿ ಇಂಜಿನ್ ಕೆಮ್ಮಿತು, ಪೈಪ್ ಪೂರ್ತಿ ತುಂಬಿದ ಮೇಲೆ ಸರಿಹೋಯಿತು.

317 ಸೆಕೆಂಡ್. ಲೆಕ್ಕ ಹಾಕಿದರೆ ಗಂಟೆಗೆ 1.136 ಲೀಟರ್. ತಕ್ಕಡಿ ಹೇಳಿದ್ದು 1.108. ಶೇಕಡಾ 2.5 ಕಡಿಮೆ. ಮತ್ತೆ ಮತ್ತೆ ಮಾಡಿದರೂ ಅದೇ ಅಂತರ.

ನಾನು ಅನುಮಾನಪಟ್ಟದ್ದು ತಕ್ಕಡಿಯನ್ನು. ಬಟ್ಟುಗಳನ್ನು ಮತ್ತೆ ಇಟ್ಟೆ, ಪೈಪ್ ಜೋಡಿಸಿದ ಸ್ಥಿತಿಯಲ್ಲೇ ಇಟ್ಟೆ, ಸರಿಯಾಗಿತ್ತು. ಬ್ಯುರೆಟ್‌ಗೆ ನೀರು ತುಂಬಿ ಎರಡು ಗುರುತಿನ ನಡುವಿನ ನೀರನ್ನು ತೂಗಿದೆ, ಅದೂ ಸರಿ. ಎರಡು ಉಪಕರಣಗಳೂ ನಿಜ ಹೇಳುತ್ತಿವೆ ಅಂದಮೇಲೆ ಸುಳ್ಳು ಮಧ್ಯದಲ್ಲಿರಬೇಕು. ಮಧ್ಯದಲ್ಲಿ ಇದ್ದದ್ದು ನಾನು ಅಳೆಯದೇ ಹಾಕಿದ ಒಂದೇ ಒಂದು ಸಂಖ್ಯೆ, 0.75.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಡೀ ಕೆಲಸದ ತಿರುಳು ಇದೇ. ಪೆಟ್ರೋಲ್ ಅನ್ನುವುದು ನೀರಿನ ಹಾಗೆ ಒಂದೇ ವಸ್ತು ಅಲ್ಲ. ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ ಅದು. ಹಗುರವಾದವು ಜಾಸ್ತಿ ಇದ್ದರೆ ಸಾಂದ್ರತೆ ಕಡಿಮೆ, ಆರೊಮ್ಯಾಟಿಕ್‌ಗಳು (ಉಂಗುರದ ರಚನೆಯ ಭಾರವಾದ ಹೈಡ್ರೋಕಾರ್ಬನ್‌ಗಳು) ಜಾಸ್ತಿ ಇದ್ದರೆ ಹೆಚ್ಚು. ಯುರೋಪಿನ ಇಎನ್ 228 ಮಾನದಂಡವೇ 15 ಡಿಗ್ರಿಯಲ್ಲಿ ಘನ ಮೀಟರ್‌ಗೆ 720ರಿಂದ 775 ಕೆಜಿವರೆಗೆ ಒಪ್ಪುತ್ತದೆ. ಆ ತುದಿಯಿಂದ ಈ ತುದಿಗೆ ಶೇಕಡಾ 7ಕ್ಕಿಂತ ಜಾಸ್ತಿ ಅಂತರ. ಅಂದರೆ ಸುಮ್ನೆ ಒಂದು ಸಂಖ್ಯೆ ಹಾಕಿ ಶೇಕಡಾ ಅರ್ಧದ ನಿಖರತೆ ಬಯಸುವುದು ಆಗದ ಮಾತು. ನಮ್ಮ ಡಬ್ಬಿಯಲ್ಲಿರುವ ಪೆಟ್ರೋಲ್‌ನ ಸಾಂದ್ರತೆಯನ್ನು ನಾವೇ ಅಳೆಯಬೇಕು.

ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ಓದುವ ಹೈಡ್ರೋಮೀಟರ್ ಇದ್ದರೆ ಅದೇ ಸಾಕು. ನನ್ನ ಬಳಿ 100 ಎಂಎಲ್‌ನ ವಾಲ್ಯುಮೆಟ್ರಿಕ್ ಫ್ಲಾಸ್ಕ್ (ಗುರುತಿನವರೆಗೆ ತುಂಬಿದರೆ ನಿಖರ ಗಾತ್ರ ಹಿಡಿಯುವ ಗಾಜಿನ ಸೀಸೆ) ಇತ್ತು, 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿಯೂ ಇತ್ತು. ಒಣಗಿದ ಖಾಲಿ ಫ್ಲಾಸ್ಕ್, ಮುಚ್ಚಳ ಸೇರಿ, 63.42 ಗ್ರಾಂ. ಗುರುತಿನವರೆಗೆ ಪೆಟ್ರೋಲ್ ತುಂಬಿ ಮುಚ್ಚಳ ಹಾಕಿ ತೂಗಿದರೆ 136.57. ಪೆಟ್ರೋಲ್ 73.15 ಗ್ರಾಂ, ಆಗ ಅದರ ತಾಪಮಾನ 34 ಡಿಗ್ರಿ. ಅಂದರೆ ಸಾಂದ್ರತೆ 0.7315. ಈ ಸಂಖ್ಯೆಯಿಂದ 831 ಗ್ರಾಂ ಭಾಗಿಸಿದರೆ 1.136 ಲೀಟರ್. ಬ್ಯುರೆಟ್ ಹೇಳಿದ್ದೂ ಅದೇ. ಆ ಕ್ಷಣ ಎಷ್ಟು ಖುಷಿಯಾಯಿತು ಅಂದರೆ, ಇಂಜಿನ್ ಆಫ್ ಮಾಡಿ ಆ ಎರಡು ಸಂಖ್ಯೆಗಳನ್ನೇ ನೋಡುತ್ತಾ ಕುಳಿತಿದ್ದೆ.

ಮುಚ್ಚಳ ಬೇಗ ಹಾಕುವುದು ಮುಖ್ಯ. ತೆರೆದಿಟ್ಟರೆ ತೂಕ ಕಣ್ಣೆದುರೇ ಇಳಿಯುತ್ತದೆ. ಮೊದಲು ಹಾರಿಹೋಗುವುದು ಹಗುರವಾದ ಭಾಗ, ಹಾಗಾಗಿ ಉಳಿದದ್ದರ ಸಾಂದ್ರತೆ ನಿಧಾನಕ್ಕೆ ಏರುತ್ತದೆ. ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್‌ಗೆ ಹಳೆಯ ಅಳತೆ ಬಳಸಬೇಡಿ.

ನಿಖರತೆಯ ಹುಚ್ಚು ಇರುವವರು ಗಾಳಿಯ ತೇಲುಬಲದ ಬಗ್ಗೆ ಕೇಳಬಹುದು. ನಿಜ, ಗಾಳಿಯಲ್ಲಿ ತೂಗಿದಾಗ ಪೆಟ್ರೋಲ್ ಸುಮಾರು ಶೇಕಡಾ 0.14 ಹಗುರವಾಗಿ ತೋರುತ್ತದೆ. ಆದರೆ ಡಬ್ಬಿಯನ್ನೂ ಗಾಳಿಯಲ್ಲೇ ತೂಗಿದ್ದು, ಫ್ಲಾಸ್ಕನ್ನೂ ಗಾಳಿಯಲ್ಲೇ ತೂಗಿದ್ದು. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಎರಡರ ತಪ್ಪೂ ಹೊಡೆದುಹೋಗುತ್ತದೆ. ಲೀಟರ್ ಸರಿಯಾಗೇ ಬರುತ್ತದೆ.

ಮರುದಿನ ಬೆಳಿಗ್ಗೆ ಅದೇ ಪೆಟ್ರೋಲ್, ಅದೇ ಫ್ಲಾಸ್ಕ್. ತಾಪಮಾನ 22 ಡಿಗ್ರಿ. ತೂಕ 73.96 ಗ್ರಾಂ. ಹನ್ನೆರಡು ಡಿಗ್ರಿಗೆ ಶೇಕಡಾ 1.1 ಬದಲಾಗಿತ್ತು. ಪೆಟ್ರೋಲ್ ಬಿಸಿಗೆ ಹಿಗ್ಗುವುದು ನೀರಿಗಿಂತ ತುಂಬಾ ಜಾಸ್ತಿ, ಒಂದು ಡಿಗ್ರಿಗೆ ಹತ್ತಿರ ಹತ್ತಿರ ಸಾವಿರಕ್ಕೆ ಒಂದು ಭಾಗ. ಗಾಜಿನ ಫ್ಲಾಸ್ಕ್ ಹಿಗ್ಗುವುದು ಇದರ ನೂರರಲ್ಲಿ ಒಂದು ಪಾಲು, ಅದನ್ನು ಮರೆತರೂ ನಡೆಯುತ್ತದೆ.

ಎರಡು ಬಿಂದು ಸಿಕ್ಕಿದ ಮೇಲೆ ಸೂತ್ರ ಬರೆಯುವುದು ಸುಲಭ. ಡಿಗ್ರಿಗೆ ಘನ ಮೀಟರ್‌ಗೆ 0.68 ಕೆಜಿ ಇಳಿಕೆ. 15 ಡಿಗ್ರಿಗೆ ಹಿಂದಕ್ಕೆ ಎಳೆದರೆ ಘನ ಮೀಟರ್‌ಗೆ 744.4 ಕೆಜಿ, ಅಂದರೆ ಲೀಟರ್‌ಗೆ 744.4 ಗ್ರಾಂ. ಹಾಗಾಗಿ ಕೋಡ್‌ನಲ್ಲಿ ಈ ಬ್ಯಾಚ್‌ಗೆ ಹಾಕಿದ್ದು ಇಷ್ಟು:

ಸಾಂದ್ರತೆ = 744.4 − 0.68 × (ತಾಪಮಾನ − 15)
ಗಂಟೆಗೆ ಲೀಟರ್ = ನಿಮಿಷಕ್ಕೆ ಗ್ರಾಂ × 60 ÷ ಸಾಂದ್ರತೆ

ತಾಪಮಾನಕ್ಕೆ ಒಂದು ಸೆನ್ಸರನ್ನು ಡಬ್ಬಿಯ ತಳದ ನಲ್ಲಿಯ ಹತ್ತಿರ ಹೊರಗಿನಿಂದ ಅಂಟಿಸಿ ಮೇಲೆ ಫೋಮ್ ಸುತ್ತಿದೆ. ಗಾಳಿಯ ತಾಪಮಾನ ಹಾಕಿದರೆ ಸಾಲದು, ಬೇಕಾದ್ದು ಪೆಟ್ರೋಲ್‌ನದು. ಬಿಸಿ ಇಂಜಿನ್ ಪಕ್ಕ ಕೂತ ಡಬ್ಬಿ ಒಂದು ಗಂಟೆಯಲ್ಲಿ ಎಂಟು ಹತ್ತು ಡಿಗ್ರಿ ಏರುವುದನ್ನು ನೋಡಿದ್ದೇನೆ.

ಇದರಿಂದ ಇನ್ನೊಂದು ಪ್ರಶ್ನೆ ಹುಟ್ಟಿತು, ಯಾವ ಲೀಟರ್? 34 ಡಿಗ್ರಿಯ ಲೀಟರ್ ಲೆಕ್ಕದಲ್ಲಿ ನನ್ನ ಇಂಜಿನ್ ಗಂಟೆಗೆ 1.136 ಕುಡಿಯುತ್ತದೆ. 15 ಡಿಗ್ರಿಯ ಲೀಟರ್ ಲೆಕ್ಕದಲ್ಲಿ 1.116. ಎರಡೂ ನಿಜ, ಕುಡಿದದ್ದು ಅದೇ 831 ಗ್ರಾಂ. ಬ್ಯುರೆಟ್ ಜೊತೆ ಹೋಲಿಸುವಾಗ ಆ ಹೊತ್ತಿನ ತಾಪಮಾನದ ಲೀಟರ್ ಬೇಕು. ಬೇಸಿಗೆಯ ರನ್ನನ್ನು ಚಳಿಗಾಲದ ರನ್ ಜೊತೆ ಹೋಲಿಸುವಾಗ 15 ಡಿಗ್ರಿಯ ಲೀಟರೇ ಬೇಕು. ಲಾಗ್ ಫೈಲ್‌ನಲ್ಲಿ ನಾನು ಈಗ ಮೂರು ಕಾಲಂ ಇಡುತ್ತೇನೆ: ಗ್ರಾಂ, ತಾಪಮಾನ, ಬ್ಯಾಚ್ ಸಂಖ್ಯೆ. ಲೀಟರ್ ಬರೆದಿಡುವುದೇ ಇಲ್ಲ, ಬೇಕಾದಾಗ ಲೆಕ್ಕ ಹಾಕುತ್ತೇನೆ. ಸಾಂದ್ರತೆ ತಪ್ಪಿತ್ತು ಅಂತ ನಾಳೆ ಗೊತ್ತಾದರೆ ಗ್ರಾಂನಿಂದ ಮತ್ತೆ ಶುರು ಮಾಡಬಹುದು, ಬರೀ ಲೀಟರ್ ಬರೆದಿಟ್ಟಿದ್ದರೆ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ.

ಇಂಜೆಕ್ಟರ್ (ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಕೆಲಸ ಮಾಡುವವರಿಗೆ ಇದೇ ತೊಂದರೆ ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. ಗಂಟೆಗೆ ಪೌಂಡ್‌ನಲ್ಲಿರುವ ಹರಿವನ್ನು 10.5ರಿಂದ ಗುಣಿಸಿದರೆ ನಿಮಿಷಕ್ಕೆ ಸಿಸಿ ಅಂತ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದನ್ನು ಬಿಚ್ಚಿ ನೋಡಿ. ಒಂದು ಪೌಂಡ್ 453.6 ಗ್ರಾಂ, 60ರಿಂದ ಭಾಗಿಸಿದರೆ ನಿಮಿಷಕ್ಕೆ 7.56 ಗ್ರಾಂ. ಅದು 10.5 ಆಗಬೇಕಾದರೆ ಸಾಂದ್ರತೆ 0.72 ಇರಬೇಕು. 0.745 ಇದ್ದರೆ ಆ ಸಂಖ್ಯೆ 10.15. ಪರೀಕ್ಷಾ ಬೆಂಚ್ ಮೇಲೆ ಪೆಟ್ರೋಲ್ ಬದಲು ಎನ್-ಹೆಪ್ಟೇನ್ ಅನ್ನುವ ಶುದ್ಧ ಹೈಡ್ರೋಕಾರ್ಬನ್ ಹರಿಸಿ ಅಳೆದಿದ್ದರೆ ಅದರ ಸಾಂದ್ರತೆ 20 ಡಿಗ್ರಿಯಲ್ಲಿ 0.684, ಆಗ 11.05. ಗುಣಿಸುವ ಸಂಖ್ಯೆಯೊಳಗೆ ಯಾರೋ ಒಂದು ಸಾಂದ್ರತೆಯನ್ನು ಬಚ್ಚಿಟ್ಟಿರುತ್ತಾರೆ, ಅದು ಯಾವುದು ಅಂತ ಕೇಳಲೇಬೇಕು. ಅದಲ್ಲದೆ ದ್ರವವೇ ಬದಲಾದರೆ ಬರೀ ಯೂನಿಟ್ ಬದಲಾಯಿಸುವುದು ಸಾಲದು. ಒಂದೇ ತೂತು, ಒಂದೇ ಒತ್ತಡ ಇದ್ದಾಗ ತೂಕದ ಹರಿವು ಸಾಂದ್ರತೆಯ ವರ್ಗಮೂಲದ ಜೊತೆ ಏರುತ್ತದೆ, ಗಾತ್ರದ ಹರಿವು ಅದೇ ವರ್ಗಮೂಲದಂತೆ ಇಳಿಯುತ್ತದೆ.

ಬೇರೆ ಯೂನಿಟ್‌ಗಳಲ್ಲಿ ಹೇಳುವುದು ಅಷ್ಟೇನೂ ಇಲ್ಲ. ಸೆಕೆಂಡಿಗೆ ಗ್ರಾಂ ಇದ್ದರೆ 3.6ರಿಂದ ಗುಣಿಸಿ ಲೀಟರ್‌ಗೆ ಕೆಜಿ ಲೆಕ್ಕದ ಸಾಂದ್ರತೆಯಿಂದ ಭಾಗಿಸಿ, ಗಂಟೆಗೆ ಲೀಟರ್ ಬರುತ್ತದೆ. ಗ್ಯಾಲನ್ ಬೇಕಿದ್ದರೆ ಯಾವ ಗ್ಯಾಲನ್ ಅಂತ ನೋಡಿ: ಅಮೆರಿಕದ್ದು 3.785 ಲೀಟರ್, ಇಂಪೀರಿಯಲ್ 4.546.

ಕೊನೆಯ ರನ್ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್‌ನದು. ಇಲ್ಲಿಯವರೆಗೆ ಬಳಸಿದ್ದು ಎಥನಾಲ್ ಇಲ್ಲದ್ದು. ಹೊಸ ಬ್ಯಾಚ್ ಅಂದಮೇಲೆ ಮೊದಲ ಕೆಲಸ ಫ್ಲಾಸ್ಕ್. 24 ಡಿಗ್ರಿಯಲ್ಲಿ 74.67 ಗ್ರಾಂ, 33 ಡಿಗ್ರಿಯಲ್ಲಿ 74.04. ಅಂದರೆ ಡಿಗ್ರಿಗೆ 0.70 ಇಳಿಕೆ, 15 ಡಿಗ್ರಿಯಲ್ಲಿ 753. ಎಥನಾಲ್ ಪೆಟ್ರೋಲ್‌ಗಿಂತ ಭಾರ, ಹಾಗಾಗಿ ಏರಿಕೆ ನಿರೀಕ್ಷಿಸಿದ್ದೇ. ಅದೇ 1500 ವ್ಯಾಟ್ ಲೋಡ್‌ಗೆ ತಕ್ಕಡಿ ಗಂಟೆಗೆ 878 ಗ್ರಾಂ ತೋರಿಸಿತು, ತೂಕದಲ್ಲಿ ಶೇಕಡಾ 5.7 ಜಾಸ್ತಿ. ಎಥನಾಲ್‌ನ ಪ್ರತಿ ಕೆಜಿಯಲ್ಲಿ ಶಕ್ತಿ ಕಡಿಮೆ, ಜಾಸ್ತಿ ಸುಡಲೇಬೇಕು.

ಇಲ್ಲಿ ಹಳೆಯ 744.4 ಅನ್ನೇ ಬಿಟ್ಟಿದ್ದರೆ 15 ಡಿಗ್ರಿಯ ಲೀಟರ್ ಲೆಕ್ಕದಲ್ಲಿ 1.179 ಬರುತ್ತಿತ್ತು, ಲೀಟರ್‌ನಲ್ಲೂ ಶೇಕಡಾ 5.7 ಏರಿತು ಅಂತ ಬರೆದುಬಿಡುತ್ತಿದ್ದೆ. ಹೊಸ ಸಾಂದ್ರತೆ ಹಾಕಿದರೆ 1.166. ನಿಜವಾದ ಏರಿಕೆ ಶೇಕಡಾ 4.5. ಬ್ಯುರೆಟ್ ಜೊತೆಗೂ ತಾಳೆ ನೋಡಿದೆ. ಪೆಟ್ರೋಲ್ 33 ಡಿಗ್ರಿ ಇದ್ದಾಗ ತಕ್ಕಡಿಯ ಲೆಕ್ಕ ಗಂಟೆಗೆ 1.186 ಲೀಟರ್, ಬ್ಯುರೆಟ್‌ನಲ್ಲಿ 100 ಎಂಎಲ್‌ಗೆ 304 ಸೆಕೆಂಡ್, ಅಂದರೆ 1.184.